ಸಂಚಿ ಬಿಡುವ ಮರ

ಬಹಳ ಹಿಂದಿನ ಮಾತು. ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲ. ಆಗ ಕೇದಗೆಪುರ ಎಂಬ ಒಂದು ರಾಜ್ಯವಿತ್ತು. ಅದರ ಅರಸ ವಜ್ರಬಾಹು. ಅವನಿಗೆ ಒಬ್ಬಳೇ ಮಗಳು, ರತ್ನಗಂಧಿ. ಅರಮನೆಯವರೆಲ್ಲ ಅವಳನ್ನು ಅಮ್ಮಣ್ಣಿ ಎಂದೇ ಕರೆಯುತ್ತಿದ್ದರು.

ಅಮ್ಮಣ್ಣಿಗೆ ಮದುವೆ ಗೊತ್ತಾಯಿತು. ಗಂಡು ಹೊಳೆಯಾಚೆಯ ರಾಜ್ಯದ ಯುವರಾಜ. ಭಾನುವಾರ ನಡುಹಗಲಿಗೆ ಮುಹೂರ್ತ.

ಕೇದಗೆಪುರದಲ್ಲಿ ಒಂದು ಪದ್ಧತಿಯಿತ್ತು. ಮದುವಣಗಿತ್ತಿ ಹಸೆಮಣೆಗೆ ಒಬ್ಬಳೇ ಹೋಗುವಂತಿಲ್ಲ. ಮೂವರು ಸಖಿಯರು ಅವಳ ಮುಂದೆ ನಡೆಯಬೇಕು. ಒಬ್ಬಳ ಸಂಚಿಯಲ್ಲಿ ಅಕ್ಷತೆ, ಒಬ್ಬಳ ಸಂಚಿಯಲ್ಲಿ ಅರಿಸಿನ ಕುಂಕುಮ, ಇನ್ನೊಬ್ಬಳ ಸಂಚಿಯಲ್ಲಿ ಎಲೆ ಅಡಿಕೆ. ಉಟ್ಟ ಸೀರೆಗೆ ಹಿಡಿದ ಸಂಚಿ ಒಪ್ಪಬೇಕು. ಒಪ್ಪದಿದ್ದರೆ ಪುರೋಹಿತರು ಅಂತರಪಟ ಹಿಡಿಯುವುದಿಲ್ಲ. ಮುಹೂರ್ತ ತಪ್ಪಿದರೆ ಆ ಹೆಣ್ಣಿಗೆ ಹನ್ನೆರಡು ವರ್ಷ ಮದುವೆಯಿಲ್ಲ. ಹೀಗೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಿಂದಿನವರು ಮಾಡಿದ್ದರು, ಇಂದಿನವರು ನಡೆಸುತ್ತಿದ್ದರು.

ಅಮ್ಮಣ್ಣಿಯ ಸಖಿಯರಲ್ಲಿ ಮೊದಲನೆಯವಳು ಮಂತ್ರಿಯ ಮಗಳು ಚಂದ್ರಕಲೆ. ಎರಡನೆಯವಳು ದಳವಾಯಿಯ ಮಗಳು ತಿಲಕವತಿ. ಮೂರನೆಯವಳು ಹೂವಮ್ಮ. ಈ ಹೂವಮ್ಮ ದೊಡ್ಡವರ ಮನೆಯವಳಲ್ಲ. ಪೇಟೆಬೀದಿಯಲ್ಲಿ ಸಂಚಿ ಹೊಲಿಯುವವರ ಮನೆಯ ಹುಡುಗಿ. ಅಮ್ಮಣ್ಣಿಗೆ ಕಸೂತಿ ಕಲಿಸಲು ಬಂದವಳು, ಅಮ್ಮಣ್ಣಿಯ ಜೀವದ ಗೆಳತಿಯಾಗಿ ಅರಮನೆಯಲ್ಲೇ ಉಳಿದಿದ್ದಳು.

ಮದುವೆಗೆ ಇನ್ನು ಆರು ದಿನ ಇರುವಾಗ, ಸೋಮವಾರ ಬೆಳಗ್ಗೆ, ಅರಮನೆಗೆ ಒಂದು ಪೆಟ್ಟಿಗೆ ಬಂತು. "ಗಂಡಿನ ಕಡೆಯವರ ಉಡುಗೊರೆ, ಸಖಿಯರಿಗೆ" ಎಂದು ಹೇಳಿದ ಆಳು ಕೊಟ್ಟ ನೀರನ್ನೂ ಕುಡಿಯದೆ ಹೊರಟುಹೋದ. ಪೆಟ್ಟಿಗೆಯಲ್ಲಿ ಮೂರು ಸೀರೆಗಳಿದ್ದವು. ಯಾವ ಬಣ್ಣ ಎಂದರೆ ಹೇಳುವುದು ಕಷ್ಟ. ಹಸಿರು ಎನ್ನುವಷ್ಟರಲ್ಲಿ ನೀಲಿ. ನೀಲಿ ಎನ್ನುವಷ್ಟರಲ್ಲಿ ದಾಸವಾಳದ ಕೆಂಪು. ಇಂಥ ಸೀರೆ ಕಂಡು ಸುಮ್ಮನಿರುವವರು ಯಾರು? ಮೂವರೂ ಉಟ್ಟರು. ನೆರಿಗೆ ಸಿಕ್ಕಿಸಿದ್ದೇ ತಡ, ಕಾಲುಗಳು ನಡೆಯತೊಡಗಿದವು.

ಮೊದಲು ನಗು ಬಂತು. "ಏನೇ ಇದು, ಕಾಲು ನಿಲ್ಲುತ್ತಲೇ ಇಲ್ಲ!" ಎಂದಳು ಚಂದ್ರಕಲೆ. ಮಧ್ಯಾಹ್ನಕ್ಕೆ ಅಳು ಬಂತು. ಸಂಜೆಗೆ ಮಾತೇ ನಿಂತಿತು. ಕಣ್ಣು ಎಲ್ಲೋ ನೋಡುತ್ತಿತ್ತು, ಕಾಲು ನಡೆಯುತ್ತಿತ್ತು. ಹಿಡಿದು ನಿಲ್ಲಿಸಿದರೆ ಹಿಡಿದವರನ್ನೂ ಎಳೆದುಕೊಂಡು ನಡೆಯುತ್ತಿದ್ದರು. ಸೀರೆ ಬಿಚ್ಚಲು ಹೋದರೆ ಸೆರಗಿಗೆ ಕೊನೆಯೇ ಸಿಗುತ್ತಿರಲಿಲ್ಲ. ಅಮ್ಮಣ್ಣಿ ಅನ್ನದ ಬಟ್ಟಲು ಹಿಡಿದು ಅವರ ಪಕ್ಕದಲ್ಲೇ ನಡೆಯುತ್ತ, ಒಬ್ಬೊಬ್ಬರ ಬಾಯಿಗೂ ತುತ್ತಿಟ್ಟಳು.

ಆಗ ಬೂದುಬಣ್ಣದ ಒಂದು ಗಿಳಿ ಬಂದು ಕಿಟಕಿಯಲ್ಲಿ ಕೂತಿತು.

"ನಾನು ಮಾಂತ್ರಿಕ ಭ್ರಮರಾಕ್ಷನ ಗಿಳಿ" ಎಂದಿತು. "ನನ್ನ ಒಡೆಯ ಹೇಳಿಕಳಿಸಿ ಹೆಣ್ಣು ಕೇಳಿದಾಗ ಇಲ್ಲ ಎಂದಿರಿ. ಈಗ ಕೇಳಿ. ಈ ಮೂವರ ನೆಮ್ಮದಿ ಮೂರು ಸಂಚಿಗಳಲ್ಲಿ ತುಂಬಿಕೊಂಡು ನನ್ನ ಒಡೆಯನ ಮರದಲ್ಲಿ ನೇತಾಡುತ್ತಿದೆ. ಯಾವ ಸೀರೆಗೆ ಯಾವ ಸಂಚಿಯೋ ಆರಿಸಿ ತಂದು ಕೈಗಿಟ್ಟರೆ ಸೀರೆಯ ಬಣ್ಣ ನಿಲ್ಲುತ್ತದೆ, ಉಟ್ಟವಳ ಕಾಲೂ ನಿಲ್ಲುತ್ತದೆ. ತಪ್ಪು ಸಂಚಿ ಮುಟ್ಟಿದವರು ಇವರ ಹಾಗೆಯೇ ನಡೆಯುತ್ತಾರೆ. ದಿನ ಕಳೆದಂತೆ ಇವರ ಸುತ್ತು ದೊಡ್ಡದಾಗುತ್ತದೆ. ಭಾನುವಾರ ಇವರು ಪಡುವಣ ದಾರಿ ಹಿಡಿದು ಹೋಗುತ್ತಾರೆ. ಹೋದವರು ಮರಳಿ ಬರುವುದಿಲ್ಲ."

ಗಿಳಿ ಹಾರಿಹೋಯಿತು.

ಮಂಗಳವಾರ ಪೇಟೆಯ ಸಂಚಿಗಳನ್ನೆಲ್ಲ ಅರಮನೆಗೆ ಹೊತ್ತು ತಂದರು. ಯಾವುದಾದರೂ ಒಪ್ಪೀತು ಎಂಬ ಆಸೆ. ರೇಷ್ಮೆಯ ಸಂಚಿ, ಮಖಮಲ್ಲಿನ ಸಂಚಿ, ಮುತ್ತು ಪೋಣಿಸಿದ್ದು, ಕನ್ನಡಿ ಕೂಡಿಸಿದ್ದು. ಹಸಿರು ಸಂಚಿ ಹಿಡಿದರೆ ಸೀರೆ ಕೆಂಪಾಯಿತು. ಕೆಂಪು ಹಿಡಿದರೆ ಹಳದಿಯಾಯಿತು. ಮುನ್ನೂರು ಸಂಚಿ ಹಿಡಿದು ನೋಡಿದರು, ಮುನ್ನೂರೂ ಒಪ್ಪಲಿಲ್ಲ. ಬುಧವಾರ ಹನ್ನೆರಡು ಜನ ಸೈನಿಕರು ಭ್ರಮರಾಕ್ಷನ ತೋಟಕ್ಕೆ ಹೋದರು. ಸಂಜೆ ಹನ್ನೆರಡು ಜನವೂ ಬಂದರು. ಆದರೆ ಕೋಟೆಯ ಬಾಗಿಲಲ್ಲಿ ನಿಲ್ಲಲಿಲ್ಲ. ಕೋಟೆಯನ್ನು ಸುತ್ತು ಹಾಕುತ್ತ ನಡೆಯುತ್ತಲೇ ಇದ್ದರು.

ಅರಮನೆಯಲ್ಲಿ ಆಮೇಲೆ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ಅರಸ ಸಿಂಹಾಸನದಿಂದ ಎದ್ದ, ಕೂತ, ಮತ್ತೆ ಎದ್ದ. ಅಡುಗೆಯವರು ಒಲೆ ಹಚ್ಚುವುದು, ಆರಿಸುವುದು. ಲಾಯದಲ್ಲಿ ಆನೆಗಳು ರಾತ್ರಿ ಹಗಲು ಸೊಂಡಿಲು ತೂಗುತ್ತಿದ್ದವು. ಮದುವೆಯ ಮನೆಯಲ್ಲಿ ಗಡಿಬಿಡಿ ಇದ್ದದ್ದೇ. ಆದರೆ ಇದು ಗಡಿಬಿಡಿಯಲ್ಲ, ತಳಮಳ.

ಗುರುವಾರ ಬೆಳಗ್ಗೆ ಒಬ್ಬ ಹುಡುಗಿ ಸೂಜಿದಾರದ ಬುಟ್ಟಿ ಹಿಡಿದು ಅರಮನೆಯ ಬಾಗಿಲಿಗೆ ಬಂದಳು. ಅವಳ ಹೆಸರು ಸಾವಂತ್ರಿ. ಹೂವಮ್ಮನ ಒಡಹುಟ್ಟಿದ ತಂಗಿ.

ಅಕ್ಕತಂಗಿಯರು ಮಾತಾಡಿ ಎರಡು ವರ್ಷವಾಗಿತ್ತು. ಅಕ್ಕ ಅರಮನೆಗೆ ಹೊರಟ ದಿನ ಸಾವಂತ್ರಿ ಬಾಗಿಲಿಗೂ ಬಂದಿರಲಿಲ್ಲ. "ಅವ್ವನ ಮಗ್ಗುಲಲ್ಲಿ ಕೂತು ಹೊಲಿಯೋದು ಸಾಕಾಯ್ತಾ ನಿನಗೆ? ಹೋಗು, ಇನ್ನು ಈ ಕಡೆ ತಿರುಗಬೇಡ" ಎಂದು ಒಳಗಿನಿಂದಲೇ ಕೂಗಿದ್ದಳು. ಆ ಮಾತು ಅಂದಿನಿಂದಲೂ ಅವಳನ್ನು ಚುಚ್ಚುತ್ತಲೇ ಇತ್ತು. ಈಗ ಅಂಗಳದಲ್ಲಿ ಅಕ್ಕ ಎದುರಿಗೇ ಬಂದಳು. "ಅಕ್ಕಾ" ಎಂದಳು ಸಾವಂತ್ರಿ. ಅಕ್ಕ ಗೋಡೆಯನ್ನು ನೋಡುವಂತೆ ಅವಳನ್ನು ನೋಡಿ ಮುಂದಕ್ಕೆ ನಡೆದಳು.

ಸಾವಂತ್ರಿ ಅಳಲಿಲ್ಲ. ಅಂಗಳದ ನಡುವೆ ನಿಂತು ಮೂವರನ್ನೂ ನೋಡಿದಳು. ಎಲ್ಲರೂ ಸೀರೆ ನೋಡುತ್ತಿದ್ದರು. ಅವಳು ಕೈ ನೋಡಿದಳು.

"ಅಮ್ಮಣ್ಣಿಯವರೇ, ನಾನು ಹೋಗಿ ಆರಿಸಿ ತರುತ್ತೇನೆ" ಎಂದಳು.

"ನಿಲ್ಲದ ಬಣ್ಣಕ್ಕೆ ಸಂಚಿ ಹೇಗೆ ಆರಿಸುತ್ತೀಯೆ?" ಎಂದಳು ರಾಜಕುಮಾರಿ.

"ಬಣ್ಣ ಸುಳ್ಳು ಹೇಳುತ್ತಿದೆ. ಕೈ ಸುಳ್ಳು ಹೇಳುವುದಿಲ್ಲ. ನೋಡಿ, ಚಂದ್ರಕಲಮ್ಮನವರ ಬಲಗೈ ತೋರುಬೆರಳು ಕೊಕ್ಕೆಯ ಹಾಗೆ ಬಗ್ಗಿದೆ. ಆ ಬೆರಳಿಗೆ ಏನೋ ನೇತು ಹಾಕಿಕೊಂಡು ಅಭ್ಯಾಸ."

ರಾಜಕುಮಾರಿ ನೋಡಿದಳು. ಹೌದು, ಬೆರಳು ಬಗ್ಗಿತ್ತು. "ಹೋಗಿ ಬಾ ತಂಗಿ" ಎಂದಳು. "ನೀನೂ ನಡೆಯುತ್ತ ಬಂದರೆ ನಿನಗೂ ನಾನೇ ತುತ್ತಿಡುತ್ತೇನೆ."

ಸಾವಂತ್ರಿ ಪಡುವಣ ದಾರಿ ಹಿಡಿದಳು. ಎರಡು ಜಾವ ನಡೆದಳು. ತೋಟದ ಬಾಗಿಲಲ್ಲಿ ಮೂರು ಕೊಂಬಿನ ಟಗರೊಂದು ಕಲ್ಲಿನ ಕಂಬಕ್ಕೆ ಗುದ್ದುತ್ತಿತ್ತು. ಢಂ ಎಂದು ಗುದ್ದುವುದು, ಹಿಂದೆ ಸರಿಯುವುದು, ಮತ್ತೆ ಢಂ. ಕೊಂಬು ಸೀಳಿ ರಕ್ತ ಒಸರುತ್ತಿತ್ತು.

"ಅಡ್ಡ ಬಂದರೆ ನಿನ್ನನ್ನೂ ಗುದ್ದುತ್ತೇನೆ" ಎಂದಿತು ಟಗರು. "ನನಗೆ ಬೇಕಾಗಿ ಅಲ್ಲ. ನಿಲ್ಲಿಸಲು ಆಗುತ್ತಿಲ್ಲ. ನನ್ನ ನೆಮ್ಮದಿಯೂ ಆ ಮರದಲ್ಲಿದೆ."

ಸಾವಂತ್ರಿ ಬುಟ್ಟಿಯಿಂದ ಕಂಬಳಿ ಚೂರು ತೆಗೆದಳು. ಒಳಗೆ ಹತ್ತಿ ತುಂಬಿ ದಪ್ಪನೆಯ ಮೂರು ಚೀಲ ಹೊಲಿದಳು. ಟಗರು ಹಿಂದೆ ಸರಿದಾಗಲೆಲ್ಲ ಒಂದೊಂದು ಕೊಂಬಿಗೆ ಒಂದೊಂದು ತೊಡಿಸಿದಳು. ಟಗರು ಗುದ್ದಿತು. ಢಂ ಎನ್ನಲಿಲ್ಲ, ಧುಪ್ ಎಂದಿತು.

"ನೋಯುತ್ತಿಲ್ಲ!" ಎಂದಿತು ಟಗರು. "ಹೋಗು ತಾಯಿ, ಒಳಗೆ ಹೋಗು."

ತೋಟದ ನಡುವೆ ಆ ಮರವಿತ್ತು. ಬೇರೆ ಮರಗಳಲ್ಲಿ ಕಾಯಿ ಬಿಡುವಂತೆ ಅದರಲ್ಲಿ ಸಂಚಿಗಳು ಬಿಟ್ಟಿದ್ದವು. ಸಾವಿರ ಸಂಚಿ. ಮರದ ಕೆಳಗೆ ತೂಗುಮಂಚದಲ್ಲಿ ಭ್ರಮರಾಕ್ಷ ಮಲಗಿದ್ದ. ಗುಂಡುಗುಂಡಾದ ಮುಖ, ಅರೆಮುಚ್ಚಿದ ಕಣ್ಣು. ಅಷ್ಟು ಆರಾಮವಾಗಿರುವ ಮನುಷ್ಯನನ್ನು ಸಾವಂತ್ರಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಊರಿನವರ ನಿದ್ದೆಯೆಲ್ಲ ಅವನ ಮೈಯಲ್ಲಿ ಕೊಬ್ಬಾಗಿ ಕೂತಂತಿತ್ತು.

"ಬಾ ಮಗು" ಎಂದು ಆಕಳಿಸಿದ. "ಆರಿಸು. ಆದರೆ ಒಂದು ಮಾತು. ನನ್ನ ಮರದಿಂದ ಸರಿಯಾದ ಸಂಚಿ ಕಿತ್ತರೂ ನಿನ್ನ ನೆಮ್ಮದಿಯಲ್ಲಿ ಒಂದು ಪಾಲು ಇಲ್ಲಿ ಬಿಟ್ಟುಹೋಗಬೇಕು. ಒಂದು ಕಿತ್ತರೆ ಒಂದು ಬಿಡುತ್ತದೆ. ಮರ ಬರಿದಾಗಬಾರದು ನೋಡು."

ಸಾವಂತ್ರಿ ಮರವನ್ನು ಮೂರು ಸುತ್ತು ಸುತ್ತಿದಳು. ತನ್ನ ಬೆರಳನ್ನು ಚಂದ್ರಕಲೆಯ ಬೆರಳಿನಂತೆಯೇ ಬಗ್ಗಿಸಿಕೊಂಡು ಸುತ್ತಿದಳು. ಮುಂಗೈಗೆ ಹಾಕುವ ಹಿಡಿಕೆಯವನ್ನು ಬಿಟ್ಟಳು, ಹೆಗಲಿಗೆ ಹಾಕುವವನ್ನು ಬಿಟ್ಟಳು. ಒಂದೇ ಬೆರಳು ತೂರುವ ಕುಣಿಕೆ ಇದ್ದದ್ದು ಮೂರು. ಒಂದು ಕೆಂಪು ಮಖಮಲ್ಲು, ಒಂದು ಬೆಳ್ಳಿಯ ಎಳೆಯದು, ಒಂದು ಸಾಸಿವೆ ಬಣ್ಣದ ನೂಲಿನದು. ಗಾಳಿ ಬೀಸಿತು. ಕೆಂಪು ಸಂಚಿ ಹೊಯ್ದಾಡಿತು, ಬೆಳ್ಳಿಯದೂ ಹೊಯ್ದಾಡಿತು. ಸಾಸಿವೆ ಬಣ್ಣದ್ದು ಅಲುಗಲಿಲ್ಲ. ಭಾರವಿದ್ದರೆ ತಾನೆ ಬೆರಳು ಅಷ್ಟು ಬಗ್ಗುವುದು?

ಅವಳು ಸಾಸಿವೆ ಬಣ್ಣದ್ದನ್ನು ಕಿತ್ತಳು. ಆ ಗಳಿಗೆಯೇ ಕೊಂಬೆಯಲ್ಲಿ ಇನ್ನೊಂದು ಪುಟ್ಟ ಸಂಚಿ ಮೂಡಿತು. ಅವಳ ಕಾಲಿನ ನೆಮ್ಮದಿ ಅದರೊಳಗೆ ಸೇರಿತು. ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಲ್ಲಿಗೆ ಹೋಗಬೇಕೆಂಬುದು ಅವಳ ಕೈಯಲ್ಲೇ ಇತ್ತು, ಆದರೆ ಕಾಲು ಬಡಿಯುತ್ತಲೇ ಇರಬೇಕಿತ್ತು.

ಸಂಜೆ ಅವಳು ಚಂದ್ರಕಲೆಯ ಬೆರಳಿಗೆ ಕುಣಿಕೆ ತೊಡಿಸಿದಳು. ಓಡುತ್ತಿದ್ದ ಬಣ್ಣ ಗಿಳಿಹಸಿರಿಗೆ ಬಂದು ನಿಂತಿತು. ಹಸಿರಿನ ಪಕ್ಕದಲ್ಲಿ ಸಾಸಿವೆ ಹೂವಿನ ಹಳದಿ. ಚಂದ್ರಕಲೆ ಅಂಗಳದಲ್ಲೇ ದೊಪ್ಪೆಂದು ಕೂತು, "ಅಬ್ಬಾ, ನೆಲವೇ!" ಎಂದು ನೆಲವನ್ನು ಸವರಿ, ಅಲ್ಲೇ ನಿದ್ದೆ ಹೋದಳು.

ಶುಕ್ರವಾರ ಸಾವಂತ್ರಿ ಮತ್ತೆ ಹೊರಟಳು. ಹೊರಡುವ ಮುಂಚೆ ತಿಲಕವತಿಯ ಕೈ ನೋಡಿಕೊಂಡಳು. ಎಡಗೈ ಅಂಗೈ ಸೊಂಟಕ್ಕೆ ಒತ್ತಿಕೊಂಡೇ ಇತ್ತು. "ಸೊಂಟಕ್ಕೆ ಸಿಕ್ಕಿಸುವ ಚಂಚಿ" ಎಂದುಕೊಂಡಳು. "ಲಾಡಿ ಇದ್ದಿದ್ದರೆ ಹೀಗೆ ಒತ್ತಿ ಹಿಡಿಯಬೇಕಿರಲಿಲ್ಲ. ಲಾಡಿಯಿಲ್ಲದ ಮಡಿಕೆ ಚಂಚಿ."

ಟಗರು ದಾರಿ ಬಿಟ್ಟಿತು. ಆದರೆ ಒಳಬಾಗಿಲಲ್ಲಿ ಅಂದು ಒಂದು ನವಿಲು ನಿಂತಿತ್ತು. ಗರಿ ಬಿಚ್ಚಿ ದಾರಿಯನ್ನೆಲ್ಲ ಮುಚ್ಚಿತ್ತು. ಗರಿಯಲ್ಲಿದ್ದ ಕಣ್ಣುಗಳೆಲ್ಲ ನಿಜವಾದ ಕಣ್ಣುಗಳು. ಯಾವುದಕ್ಕೂ ರೆಪ್ಪೆಯಿಲ್ಲ. ಎಲ್ಲವೂ ಕೆಂಪಾಗಿ ನೀರು ಸುರಿಸುತ್ತಿದ್ದವು.

"ನಾನು ನೋಡಿದರೆ ನನ್ನ ಒಡೆಯನಿಗೆ ಕಾಣುತ್ತದೆ" ಎಂದಿತು ನವಿಲು. "ಎಷ್ಟು ವರ್ಷದಿಂದ ನೋಡುತ್ತಿದ್ದೇನೋ. ಒಂದು ಚೂರು ಕತ್ತಲೆ ಕೊಡುತ್ತೀಯಾ?"

ಸಾವಂತ್ರಿ ನಿಲ್ಲಲಾರಳು. ನವಿಲಿನ ಸುತ್ತ ನಡೆಯುತ್ತಲೇ, ಬುಟ್ಟಿಯಲ್ಲಿದ್ದ ಕಪ್ಪು ಬಟ್ಟೆಯನ್ನೆಲ್ಲ ಜೋಡಿಸಿ ಉದ್ದನೆಯ ಗವಸು ಹೊಲಿದಳು. ದಾರದ ಉಂಡೆ ಮುಗಿಯುತ್ತ ಬಂತು. ನವಿಲು ಗರಿ ಮಡಚಿತು. ಅವಳು ಗವಸು ಏರಿಸಿ ಬಾಯಿ ಕಟ್ಟಿದಳು.

"ಕತ್ತಲೆ!" ಎಂದಿತು ನವಿಲು. "ಆಹಾ, ಎಷ್ಟು ತಂಪಾಗಿದೆ." ಬಾಗಿಲ ಪಕ್ಕಕ್ಕೆ ಸರಿದು ಗೋಡೆಗೆ ಒರಗಿತು.

ಭ್ರಮರಾಕ್ಷ ಅಂದು ಮರದ ಸಂಚಿಗಳಿಗೆಲ್ಲ ಮಾಯೆಯಿಂದ ಚಿನ್ನದ ಬಣ್ಣ ಬಳಿದಿದ್ದ. ಸಾವಿರ ಸಂಚಿ ಸಾವಿರ ಸೂರ್ಯನಂತೆ ಕಣ್ಣು ಕುಕ್ಕುತ್ತಿದ್ದವು. ಎಲ್ಲದರ ಆಕಾರವೂ ಒಂದೇ.

"ಈಗ ಆರಿಸು ಮಗು" ಎಂದು ಮಗ್ಗುಲು ಬದಲಿಸಿದ.

ಸಾವಂತ್ರಿ ಕಣ್ಣು ಮುಚ್ಚಿದಳು. ಅಂಗೈ ಚಾಚಿದಳು. ಮುಟ್ಟಲಿಲ್ಲ, ಒಂದು ಬೆರಳಿನ ಅಂತರದಲ್ಲಿ ಒಂದೊಂದು ಸಂಚಿಯ ಮುಂದೆಯೂ ಅಂಗೈ ಹಿಡಿಯುತ್ತ ನಡೆದಳು. ಹಿಡಿಕೆಯಲ್ಲಿ ಹಿಡಿದ ಸಂಚಿಗೆ ಮೈಯ ಬಿಸಿ ತಾಗುವುದಿಲ್ಲ. ಸೊಂಟಕ್ಕೆ ಒತ್ತಿಕೊಂಡದ್ದಕ್ಕೆ ತಾಗುತ್ತದೆ. ಎಲ್ಲ ಸಂಚಿಗಳೂ ಚಿನ್ನದಂತೆ ತಣ್ಣಗಿದ್ದವು. ಬಡಗಣ ಕೊಂಬೆಯ ಕೆಳಗೆ ಒಂದು ಮಾತ್ರ, ಈಗತಾನೆ ಯಾರೋ ಮಡಿಲಿನಿಂದ ತೆಗೆದಿಟ್ಟಂತೆ, ಬೆಚ್ಚಗಿತ್ತು.

ಅದನ್ನು ಕಿತ್ತಳು. ಚಿನ್ನದ ಬಣ್ಣ ಉದುರಿ, ಕೈಯಲ್ಲಿ ಕಾಚಿನ ಕಂದು ಬಣ್ಣದ ಮಡಿಕೆ ಚಂಚಿ ಉಳಿಯಿತು. ಅವಳ ಕಣ್ಣಿನ ನೆಮ್ಮದಿ ಮರದಲ್ಲಿ ಇನ್ನೊಂದು ಸಂಚಿಯಾಯಿತು. ಆಮೇಲೆ ಅವಳ ರೆಪ್ಪೆ ಮುಚ್ಚಲಿಲ್ಲ.

ಸಂಜೆ ತಿಲಕವತಿ ಕೋಟೆಯ ಹೊರಗೆ ನಡೆಯುತ್ತಿದ್ದಳು. ಚಂಚಿ ಸೊಂಟಕ್ಕೆ ಸಿಕ್ಕಿಸಿದ ಕೂಡಲೇ ಸೀರೆ ಹಾಲಿನ ಕೆನೆಯ ಬಣ್ಣಕ್ಕೆ ನಿಂತಿತು. ಅವಳೂ ಅಲ್ಲೇ ಕೂತಳು, ಅಲ್ಲೇ ಮಲಗಿದಳು.

ಶನಿವಾರ ಹೊರಡುವ ಮುಂಚೆ ಸಾವಂತ್ರಿ ಅಕ್ಕನ ಜೊತೆ ಊರಿನ ಸುತ್ತ ಒಂದು ಸುತ್ತು ನಡೆದಳು. ಇಬ್ಬರಿಗೂ ನಿಲ್ಲಲಾಗದು. ಅಕ್ಕನ ಕೈ ನೋಡಿದಳು. ಬೆರಳು ಬಗ್ಗಿರಲಿಲ್ಲ, ಅಂಗೈ ಒತ್ತಿರಲಿಲ್ಲ. ಎಡಗೈ ಎರಡು ಬೆರಳು ಏನನ್ನೋ ಹಿಡಿದಿದ್ದವು. ಬಲಗೈ ಇಳಿಯುತ್ತಿತ್ತು, ಏಳುತ್ತಿತ್ತು, ಇಳಿಯುತ್ತಿತ್ತು, ಏಳುತ್ತಿತ್ತು. ಇದು ಹೇಗೆ ಸಂಚಿ ಹಿಡಿಯುವ ಕೈ? ಸಾವಂತ್ರಿಗೆ ಅರ್ಥವಾಗಲಿಲ್ಲ. ಅರ್ಥವಾಗದೆಯೇ ಹೊರಟಳು.

ತೋಟದಲ್ಲಿ ಅಂದು ಯಾವ ಹೊಸ ಕಾವಲೂ ಇರಲಿಲ್ಲ. ಟಗರು ದಾರಿ ಬಿಟ್ಟಿತು, ನವಿಲು ಗವಸಿನೊಳಗೆ ತೂಕಡಿಸುತ್ತಿತ್ತು. ಸಂಚಿಗಳ ಮೇಲೆ ಯಾವ ಮಾಯೆಯ ಬಣ್ಣವೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ದಿಗಿಲು ತಂದಿತು.

"ಹುಡುಕು ಮಗು, ಹುಡುಕು" ಎಂದ ಭ್ರಮರಾಕ್ಷ. "ಇವತ್ತು ನಾನು ಏನೂ ಮಾಡಿಲ್ಲ. ನಿನ್ನ ಅಕ್ಕನ ಸಂಚಿ ನನಗೇ ಸಿಕ್ಕಿಲ್ಲ."

ಅವಳು ಹೋದ ಹೊತ್ತಿನಿಂದ ಸಂಜೆಯವರೆಗೆ ಮರವನ್ನು ಸುತ್ತಿದಳು. ಮುಚ್ಚದ ಕಣ್ಣು ಉರಿಯುತ್ತಿತ್ತು, ನಿಲ್ಲದ ಕಾಲು ನೋಯುತ್ತಿತ್ತು. ಆ ರೇಷ್ಮೆಯದೇ? ಅಲ್ಲ. ಈ ಕಸೂತಿಯದೇ? ಅಲ್ಲ. ಬಲಗೈ ಇಳಿಯುವುದು, ಏಳುವುದು. ಇಳಿಯುವುದು, ಏಳುವುದು. ಅವಳು ತಾನೂ ಹಾಗೆಯೇ ಕೈ ಆಡಿಸಿದಳು. ಆಗ ಗೊತ್ತಾಯಿತು. ಅಯ್ಯೋ, ಇದು ಹೊಲಿಯುವ ಕೈ! ಅಕ್ಕ ಸಂಚಿ ಹಿಡಿದಿಲ್ಲ, ಹೊಲಿಯುತ್ತಿದ್ದಾಳೆ. ಅಂದರೆ ಅವಳ ಸಂಚಿ ಇನ್ನೂ ಮುಗಿದಿಲ್ಲ. ಅಕ್ಕ ತನ್ನ ನೆಮ್ಮದಿಯನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ, ಇಷ್ಟು ದಿನವೂ ಒಳಗೊಳಗೇ ಎಳೆದು ಹಿಡಿದಿದ್ದಾಳೆ.

ಸಾವಂತ್ರಿ ಮರದ ತುದಿಯನ್ನು ನೋಡಿದಳು. ಎಳೆಯ ಚಿಗುರುಗಳ ನಡುವೆ, ಮೊಗ್ಗಿನಂಥ ಒಂದು ಬಟ್ಟೆ ಇತ್ತು. ಬಣ್ಣ ಕಟ್ಟಿರಲಿಲ್ಲ, ಪಕ್ಕ ಕೂಡಿರಲಿಲ್ಲ, ಬಾಯಿಗೆ ಲಾಡಿಯಿರಲಿಲ್ಲ. ಅವಳು ಮರ ಹತ್ತಿ ಅದನ್ನು ಕಿತ್ತಳು.

ಅವಳ ಕೈಯ ನೆಮ್ಮದಿ ಮರಕ್ಕೆ ಹೋಯಿತು. ಎರಡು ಕೈಯೂ ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ನಡುಗತೊಡಗಿದವು.

ಭ್ರಮರಾಕ್ಷ ಹೊಟ್ಟೆ ಕುಲುಕಿ ನಕ್ಕ. "ಹೊಲಿಯದ ಸಂಚಿ, ನಡುಗುವ ಕೈ, ಮುಗಿದುಹೋದ ದಾರ! ಹೋಗು ಮಗು. ನಾಳೆ ಅಕ್ಕತಂಗಿ ಜೊತೆಯಾಗಿ ಪಡುವಣಕ್ಕೆ ನಡೆಯಿರಿ."

ಸಾವಂತ್ರಿ ಬುಟ್ಟಿಯೊಳಗೆ ನೋಡಿದಳು. ದಾರ ಸ್ವಲ್ಪ ಉಳಿದಿತ್ತು. ಪಕ್ಕ ಕೂಡಿಸಲು ಸಾಕು, ಲಾಡಿಗೆ ಸಾಲದು. ತಲೆಯೆತ್ತಿ ನೋಡಿದಳು. ಆಗ ಅವಳ ಕಣ್ಣಿಗೆ ಒಂದು ಬಳ್ಳಿ ಬಿತ್ತು. ಸಣ್ಣ ಹೊಂಬಣ್ಣದ ಬಳ್ಳಿ. ಅದು ಬುಡದಿಂದ ತುದಿಯವರೆಗೆ ಒಂದೇ ಎಳೆಯಾಗಿ, ಒಂದು ಸಂಚಿಯ ಬಾಯಿಂದ ಇನ್ನೊಂದರ ಬಾಯಿಗೆ, ಅಲ್ಲಿಂದ ಮತ್ತೊಂದಕ್ಕೆ ತೂರಿ ಹೋಗಿತ್ತು. ಸಾವಿರ ಸಂಚಿಗೂ ಒಂದೇ ಲಾಡಿ!

ಸಂಚಿಯವರ ಮನೆಯ ಹುಡುಗಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಲಾಡಿ ಎಳೆದು ತೆಗೆದರೆ ಸಂಚಿಯ ಬಾಯಿ ಬಿಚ್ಚಿಕೊಳ್ಳುತ್ತದೆ. ಅವಳು ಬಳ್ಳಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಕಾಲು ಹೇಗೂ ನಿಲ್ಲುವುದಿಲ್ಲ. ಬಾಗಿಲ ಕಡೆ ಓಡಿದಳು.

ಭ್ರಮರಾಕ್ಷ ಕಣ್ಣು ಪೂರ್ತಿ ತೆರೆದ. "ಏಯ್, ತಡಿ! ಅದನ್ನು ಬಿಡು. ತಡಿ, ಏಳುತ್ತೇನೆ" ಎಂದ. ಆದರೆ ಏಳಲಾಗಲಿಲ್ಲ. ಎಷ್ಟೋ ವರ್ಷ ಮಲಗಿದ ಮೈ, ಏಳುವುದನ್ನೇ ಮರೆತಿತ್ತು. ಒಂದು ಕೈ ಊರಿದ, ಅದು ಜಾರಿತು. ಒಂದು ಕಾಲು ಇಳಿಬಿಟ್ಟ, ಅದು ಮರಗಟ್ಟಿತ್ತು. "ಸ್ವಲ್ಪ ತಡಿಯೇ ಹುಡುಗಿ!" ಎನ್ನುತ್ತಿರುವಾಗಲೇ ಬಳ್ಳಿ ಸರಸರನೆ ಜಾರಿ, ಸಾವಿರ ಸಂಚಿಗಳ ಬಾಯಿ ಬಿಚ್ಚಿತು.

ಪಾರಿವಾಳದ ಹಿಂಡು ಒಮ್ಮೆಗೇ ಎದ್ದಂತೆ ಸದ್ದಾಯಿತು. ಸಾವಿರ ಜನರ ನೆಮ್ಮದಿ ಸಾವಿರ ದಿಕ್ಕಿಗೆ ಹಾರಿತು. ಟಗರು ಮೊಣಕಾಲೂರಿ ಮಲಗಿತು. ನವಿಲಿನ ಕಣ್ಣುಗಳಿಗೆ ರೆಪ್ಪೆ ಮೂಡಿತು. ಕೋಟೆ ಸುತ್ತುತ್ತಿದ್ದ ಹನ್ನೆರಡು ಜನ ಸೈನಿಕರು ಇದ್ದಲ್ಲೇ ಕೂತರು. ಭ್ರಮರಾಕ್ಷನ ಮೈಯಲ್ಲಿದ್ದ ನೆಮ್ಮದಿಯೆಲ್ಲ ಸೋರಿಹೋಯಿತು. ಆಗ ಅವನು ಎದ್ದ. ಎದ್ದವನಿಗೆ ನಿಲ್ಲಲಾಗಲಿಲ್ಲ. ನಡೆದ, ಓಡಿದ, ಇದ್ದ ಜಾಗದಲ್ಲೇ ಗಿರಗಿರನೆ ಸುತ್ತಿದ. ಸುತ್ತಿ ಸುತ್ತಿ ಧೂಳಾದ, ತರಗೆಲೆಯಾದ, ಸುಂಟರಗಾಳಿಯಾಗಿ ಬಯಲು ದಾಟಿ ಹೋದ. ಈಗಲೂ ನಡುಮಧ್ಯಾಹ್ನ ಬರಿ ಬಯಲಿನಲ್ಲಿ ಕಾರಣವಿಲ್ಲದೆ ಗಾಳಿ ಸುತ್ತಿದರೆ, ಅವನೇ ಎನ್ನುತ್ತಾರೆ.

ಸಾವಂತ್ರಿಯ ನೆಮ್ಮದಿಯೂ ಮರದಿಂದ ಇಳಿದು ಅವಳ ಬಳಿಗೆ ಬಂತು. ಬಿಳಿಯ ಮಂಜಿನ ಚೂರಿನಂತಿತ್ತು. ಒಳಗೆ ಬಿಟ್ಟುಕೊಂಡರೆ ಅಲ್ಲೇ ಬಿದ್ದು ಮೂರು ದಿನ ಮಲಗಿಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

"ಈಗ ಬೇಡ" ಎಂದಳು. "ಹಿಂದೆ ಹಿಂದೆ ಬಾ."

ನೆಮ್ಮದಿ ಕರುವಿನಂತೆ ಅವಳ ಹಿಂದೆ ಹಿಂದೆ ಬಂತು.

ಅಕ್ಕನ ನೆಮ್ಮದಿ ಮಾತ್ರ ಕೈಯಲ್ಲಿದ್ದ ಬಟ್ಟೆಯಲ್ಲೇ ಉಳಿದಿತ್ತು, ಸಂಚಿಯಾಗದೆ ಅದು ಅಕ್ಕನಿಗೆ ಮರಳದು. ಅವಳು ನಡೆಯುತ್ತ ಹೊಲಿದಳು. ನಡುಗುವ ಕೈ ಸೂಜಿಯನ್ನು ಎಲ್ಲೆಲ್ಲೋ ಚುಚ್ಚಿತು. ಬೆರಳಿಗೆ ಚುಚ್ಚಿಸಿಕೊಂಡಳು. ಆಮೇಲೆ ಕಾಲಿನ ಲಯಕ್ಕೆ ಕೈ ಕೂಡಿಸಿದಳು. ಬಲಗಾಲಿಗೆ ಸೂಜಿ ಒಳಗೆ, ಎಡಗಾಲಿಗೆ ಸೂಜಿ ಹೊರಗೆ. ಹೆಜ್ಜೆಗೊಂದು ಹೊಲಿಗೆ, ಹಾಗಾಗಿ ನಡಿಗೆ ನಿಧಾನವಾಯಿತು. ಕತ್ತಲಾಯಿತು, ಬೆಳಗಾಯಿತು, ಹೊಲಿಗೆ ನಡೆಯಿತು.

ಭಾನುವಾರ ಹೊತ್ತೇರಿತ್ತು. ಕೋಟೆ ಇನ್ನು ಕೂಗಳತೆ ದೂರ ಇರುವಾಗ ಎದುರಿಗೆ ಅಕ್ಕ ಬರುವುದು ಕಾಣಿಸಿತು. ಸೆರಗು ನೂರು ಬಣ್ಣವಾಗಿ ಹಾರುತ್ತಿತ್ತು. ಅವಳ ತೋಳು ಹಿಡಿದು, ಬಾಸಿಂಗ ಕಟ್ಟಿದ ರಾಜಕುಮಾರಿಯೂ ನಡೆಯುತ್ತಿದ್ದಳು. ಹಿಂದೆ ಅರಸ, ಪುರೋಹಿತರು, ಮದುಮಗ, ಇಡೀ ದಿಬ್ಬಣ.

"ಮಗಳೇ, ತಿರುಗು! ಮುಹೂರ್ತ ಮೀರುತ್ತಿದೆ!" ಎಂದು ಅರಸ ಕೂಗುತ್ತಿದ್ದ.

"ಮೀರಲಿ ಅಪ್ಪಾಜಿ. ಇವಳನ್ನು ಒಬ್ಬಳನ್ನೇ ಕಳಿಸಲಾರೆ" ಎಂದಳು ರಾಜಕುಮಾರಿ, ಹಿಂದೆ ತಿರುಗದೆ.

ಸಾವಂತ್ರಿ ಓಡಿ ಬಂದು ಅಕ್ಕನ ಪಕ್ಕಕ್ಕೆ ಸೇರಿ ನಡೆದಳು. ಸಂಚಿ ಇನ್ನೂ ಮುಗಿದಿರಲಿಲ್ಲ. ಬಾಯಿಯ ಅಂಚು ಉಳಿದಿತ್ತು. ಆದರೆ ಅವಳ ಬೆರಳುಗಳಿಗೆ ಸೂಜಿ ಹಿಡಿಯುವ ಶಕ್ತಿ ಹೋಗಿತ್ತು. ಸೂಜಿ ಜಾರಿತು. ಎತ್ತಿದಳು, ಮತ್ತೆ ಜಾರಿತು. ಪಕ್ಕದಲ್ಲಿ ಅಕ್ಕನ ಬಲಗೈ ಗಾಳಿಯಲ್ಲಿ ಇಳಿಯುತ್ತಿತ್ತು, ಏಳುತ್ತಿತ್ತು.

"ತಗೋ ಅಕ್ಕ" ಎಂದು ಸಾವಂತ್ರಿ ಬಟ್ಟೆಯನ್ನು ಅವಳ ಎಡಗೈಗೂ ಸೂಜಿಯನ್ನು ಬಲಗೈಗೂ ಕೊಟ್ಟಳು. "ನನ್ನ ಕೈಲಿ ಆಗ್ತಿಲ್ಲ. ನೀನೇ ಮುಗಿಸು."

ಆರು ದಿನ ಗಾಳಿಯನ್ನು ಹೊಲಿದ ಕೈಗೆ ಬಟ್ಟೆ ಸಿಕ್ಕಿತು. ಹೂವಮ್ಮ ಅಂಚು ಮಡಿಸಿದಳು, ಹೊಲಿದಳು, ಗಂಟು ಹಾಕಿ ದಾರವನ್ನು ಹಲ್ಲಿನಲ್ಲಿ ಕಡಿದಳು. ಸಾವಂತ್ರಿ ಕೊಟ್ಟ ಹೊಂಬಣ್ಣದ ಬಳ್ಳಿಯ ತುಂಡನ್ನು ಅಂಚಿನೊಳಗೆ ತೂರಿಸಿ ಎಳೆದಳು. ಸಂಚಿಯ ಬಾಯಿ ಮುಚ್ಚಿತು. ಸೀರೆ ಒಮ್ಮೆ ನಡುಗಿ, ಮಾಗಿದ ನೇರಳೆಹಣ್ಣಿನ ಬಣ್ಣಕ್ಕೆ ಬಂದು ನಿಂತಿತು.

ಹೂವಮ್ಮನ ಕಾಲೂ ನಿಂತಿತು. ಅವಳು ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದಳು.

"ಈ ಪಕ್ಕದ ಹೊಲಿಗೆ ಇಷ್ಟು ಸೊಟ್ಟ ಹಾಕಿದ್ದು ಯಾರೇ?"

"ನಾನೇ ಅಕ್ಕ" ಎಂದಳು ಸಾವಂತ್ರಿ. "ನಡೀತಾ ಹಾಕಿದ್ದು. ಬಿಚ್ಚಿ ಹಾಕೋಕೆ ಹೊತ್ತಿಲ್ಲ."

"ಬಿಚ್ಚೋದು ಬೇಡ. ಹೀಗೇ ಇರಲಿ" ಎಂದು ಹೂವಮ್ಮ ತಂಗಿಯನ್ನು ತಬ್ಬಿಕೊಂಡಳು. ಎರಡು ವರ್ಷದ ಅಳು ಇಬ್ಬರಿಗೂ ಒಟ್ಟಿಗೆ ಬಂತು.

ಅರಸ ಸೂರ್ಯನನ್ನು ನೋಡಿದ. ನೆತ್ತಿಗೆ ಒಂದು ಮೊಳ ಉಳಿದಿತ್ತು. "ಹಸೆಮಣೆಯನ್ನೇ ಇಲ್ಲಿಗೆ ತನ್ನಿ!" ಎಂದು ಕೂಗಿದ. ದಾರಿಯ ಬದಿಯ ಹುಣಸೆಮರದ ಕೆಳಗೆ ಹಸೆ ಬರೆದರು. ಚಂದ್ರಕಲೆಯನ್ನೂ ತಿಲಕವತಿಯನ್ನೂ ಎಬ್ಬಿಸಿ ಕರೆತಂದರು. ಪುರೋಹಿತರು ಮೂರು ಸೀರೆ ನೋಡಿದರು, ಮೂರು ಸಂಚಿ ನೋಡಿದರು. ಗಿಳಿಹಸಿರಿಗೆ ಸಾಸಿವೆ, ಕೆನೆಗೆ ಕಾಚು. ನೇರಳೆಗೆ ಬಿಡಿ ಹತ್ತಿಯ ಬಿಳುಪು, ಹೊಂಬಳ್ಳಿಯ ಲಾಡಿ. ಆ ಮೂರನೆಯದರ ಸೊಟ್ಟ ಹೊಲಿಗೆಯ ಮೇಲೆ ಅವರ ಕಣ್ಣು ಬಹಳ ಹೊತ್ತು ನಿಂತಿತು.

"ಒಪ್ಪುತ್ತದೆ" ಎಂದರು ಪುರೋಹಿತರು. "ಮೂರರಲ್ಲಿ ಇದೇ ಹೆಚ್ಚು ಒಪ್ಪುತ್ತದೆ."

ಅಂತರಪಟ ಸರಿಯಿತು. ಅಕ್ಷತೆ ಬಿತ್ತು. ವಾಲಗದವರು ಇನ್ನೂ ಊದುತ್ತಿರುವಾಗಲೇ ಸಾವಂತ್ರಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟಳು. "ಇನ್ನು ಬಾ" ಎಂದಳು. ಕಾದಿದ್ದ ನೆಮ್ಮದಿ ಮೆಲ್ಲಗೆ ಬಂದು ಅವಳೊಳಗೆ ಸೇರಿತು. ಕಣ್ಣು ಮುಚ್ಚಿತು, ಕೈ ನಿಂತಿತು, ಕಾಲು ನಿಂತಿತು. ಅದನ್ನು ಕಂಡು ರಾಜಕುಮಾರಿಗೆ ಆಕಳಿಕೆ ಬಂತು. ಅವಳನ್ನು ಕಂಡು ಮದುಮಗನಿಗೆ, ಅವನನ್ನು ಕಂಡು ಅರಸನಿಗೆ. ವಾಲಗ ನಿಂತಿತು, ಅಡುಗೆಯವರು ಒಲೆಯ ಮುಂದೆಯೇ ಒರಗಿದರು, ಆನೆಗಳು ಸೊಂಡಿಲು ಸುತ್ತಿಕೊಂಡು ಮಲಗಿದವು. ಇಡೀ ಕೇದಗೆಪುರ ಮಾರನೆಯ ದಿನದವರೆಗೆ ನಿದ್ದೆ ಮಾಡಿತು. ಎದ್ದ ಮೇಲೆ ಮದುವೆಯ ಊಟ ಉಂಡರು. ಉಂಡವರೆಲ್ಲ ಬಹಳ ಕಾಲ ಬಾಳಿದರು, ಬಾಳಿದಷ್ಟು ಕಾಲವೂ ಚೆನ್ನಾಗಿ ನಿದ್ದೆ ಮಾಡಿದರು.